ಎರಡು ಬೋನು, ಒಂದು ಉಂಡೆ ಹತ್ತಿ ದಾರ

ಟಾರ್‌ಬೆಲ್ ಕೊಲ್ಲಿಯಲ್ಲಿ ಏಡಿ ಹಿಡಿಯುವುದನ್ನು ಯಾರಿಂದ ಕಲಿತಿರಿ ಎಂದು ನಮ್ಮಲ್ಲಿ ಯಾರನ್ನೇ ಕೇಳಿ, ಆರ್ವಿಡ್ ಟಾಲೆಫ್‌ಸನ್ ಹೆಸರು ಹೇಳುತ್ತಾರೆ. ಹೇಳುವಾಗ ಮುಖ ಸ್ವಲ್ಪ ಹುಳ್ಳಗಾಗುತ್ತದೆ ಅನ್ನುವುದೂ ನಿಜ. ಅವನೇನು ಕೇಳಿಕೊಂಡು ಬಂದವರಿಗೆ ಕಲಿಸಿದವನಲ್ಲ. ದೋಣಿ ಇಳಿಸುವ ಇಳಿಜಾರಿನ ಹತ್ತಿರ ಕೈಕಟ್ಟಿ ನಿಂತಿರುತ್ತಿದ್ದ. ಸಿಯಾಟಲ್‌ನಿಂದ ವಾರದ ಕೊನೆಗೆ ಬಂದ ಯಾರಾದರೂ ಅಂಗಡಿಯ ಚೀಟಿಯನ್ನೂ ಕೀಳದ ಹೊಸ ಬೋನನ್ನು ದೋಣಿಗೆ ಹಾಕುತ್ತಿದ್ದರೆ ಹತ್ತಿರ ಹೋಗುತ್ತಿದ್ದ. ನಮಸ್ಕಾರ ಇಲ್ಲ, ಕುಶಲ ಇಲ್ಲ. ಬಾಗಿಲಿಗೆ ಏನು ಕಟ್ಟಿದ್ದೀರಿ ಎಂದು ಕೇಳುತ್ತಿದ್ದ.

ಬೋನಿನ ಪಕ್ಕದಲ್ಲಿ ಅಂಗೈ ಅಗಲದ ಒಂದು ಸಣ್ಣ ಬಾಗಿಲಿರುತ್ತದೆ. ಅದನ್ನು ಹತ್ತಿ ದಾರದಿಂದಲೇ ಕಟ್ಟಬೇಕು ಎಂದು ಕಾನೂನೇ ಇದೆ. ಬೋನು ಕಳೆದುಹೋದರೆ ದಾರ ಎರಡು ಮೂರು ತಿಂಗಳಲ್ಲಿ ಉಪ್ಪುನೀರಿನಲ್ಲಿ ಕೊಳೆತು ಬಾಗಿಲು ತಾನಾಗಿ ಬಿಚ್ಚಿಕೊಳ್ಳುತ್ತದೆ, ಒಳಗಿದ್ದವು ಹೊರಟುಹೋಗುತ್ತವೆ. ನೈಲಾನ್ ಕಟ್ಟಿದರೆ ಬಿಚ್ಚಿಕೊಳ್ಳುವುದಿಲ್ಲ. ಒಳಗೆ ಸತ್ತ ಏಡಿಯ ವಾಸನೆಗೆ ಹೊರಗಿನ ಏಡಿ ಒಳಗೆ ಬರುತ್ತದೆ, ಅದೂ ಸಾಯುತ್ತದೆ, ಅದರ ವಾಸನೆಗೆ ಇನ್ನೊಂದು ಬರುತ್ತದೆ. ತಿನ್ನುವವರಿಲ್ಲ, ಎತ್ತುವವರಿಲ್ಲ, ಬೋನು ಮಾತ್ರ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಆರ್ವಿಡ್ ಇದನ್ನು ಅದೆಷ್ಟು ಜನಕ್ಕೆ ಹೇಳಿದ್ದನೋ. ಹಗ್ಗ ನೀರಿನ ಆಳಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಉದ್ದ ಇರಲಿ, ಅದಕ್ಕೆ ಸೀಸ ಕಟ್ಟಿ, ಇಲ್ಲದಿದ್ದರೆ ಮೇಲೆ ತೇಲಿ ಯಾರದೋ ಎಂಜಿನ್ನಿಗೆ ಸಿಕ್ಕುತ್ತದೆ. ಹಗ್ಗದ ಮೇಲ್ತುದಿಗೆ ಕಟ್ಟುವ ತೇಲುಬುರುಡೆ ಅರ್ಧ ಕೆಂಪು ಅರ್ಧ ಬಿಳಿ ಇರಬೇಕು, ಅದರ ಮೇಲೆ ನಿಮ್ಮ ಹೆಸರು ವಿಳಾಸ ಅಳಿಸದ ಹಾಗೆ ಬರೆಯಿರಿ. ಹೆಣ್ಣು ಏಡಿಯನ್ನೂ ಆರೂಕಾಲು ಇಂಚಿಗೆ ಕಡಿಮೆ ಇರುವ ಗಂಡನ್ನೂ ಅಲ್ಲೇ ನೀರಿಗೆ ಬಿಡಿ, ಎಸೆಯಬೇಡಿ, ಕೈಯಿಂದ ಇಳಿಸಿ. ಕೇಳಿದವರು ತಲೆಯಾಡಿಸುತ್ತಿದ್ದರು. ಅವನು ತಿರುಗಿದ ಮೇಲೆ ಕಣ್ಣಲ್ಲೇ ನಗುತ್ತಿದ್ದರು.

ನಕ್ಕರೂ, ಹೇಳಲು ಅವನಿಗೇನು ಹಕ್ಕು ಎಂದು ಕೇಳುವ ಹಾಗಿರಲಿಲ್ಲ. ಸರ್ಕಾರಿ ಫೆರ್ರಿಯಲ್ಲಿ ಮೂವತ್ತೊಂದು ವರ್ಷ ಹಗ್ಗ ಎಸೆದು ಕಟ್ಟುವ ಕೆಲಸ ಮಾಡಿದವನು. ಗಂಟು ಎಂದರೆ ಅವನಿಗೆ ಅಕ್ಷರ ಇದ್ದ ಹಾಗೆ, ಒಂದು ಗಂಟು ನೋಡಿ ಕಟ್ಟಿದವನ ಯೋಗ್ಯತೆ ಹೇಳುತ್ತಿದ್ದ. ಇಂಥವನಿಗೆ ಸಿಕ್ಕ ಹೆಂಡತಿ ಮರ್ಲಾ ಮಾತ್ರ ಎಡಚಿ. ಶಾಲೆಯ ಅಡುಗೆಮನೆಯಲ್ಲಿ ಬೇಯಿಸುತ್ತಿದ್ದಳು, ದಿನಾ ಬೆಳಗ್ಗೆ ಅವನ ಫೆರ್ರಿಯಲ್ಲೇ ಆಚೆ ದಡಕ್ಕೆ ಹೋಗುತ್ತಿದ್ದಳು, ಮದುವೆಯೂ ಹಾಗೇ ಆಯಿತು. ಅವಳು ಕಟ್ಟಿದ ಗಂಟೆಲ್ಲ ಕನ್ನಡಿಯಲ್ಲಿ ನೋಡಿದಂತೆ ಉಲ್ಟಾ ಸುತ್ತಿಕೊಂಡಿರುತ್ತಿದ್ದವು. ನಲವತ್ತು ವರ್ಷ ತಿದ್ದಲು ನೋಡಿ ಸೋತ. ಆದರೂ ಮನೆಯ ಎರಡು ಬೋನುಗಳಿಗೆ ಹತ್ತಿ ದಾರ ಕಟ್ಟುವುದು ಅವಳದೇ ಕೆಲಸ. ಹಗ್ಗ, ಬುರುಡೆ, ಎಂಜಿನ್ನು ಅವನದು, ಬಾಗಿಲು ಅವಳದು. ಅದು ಯಾವಾಗ ಹಾಗೆ ಹಂಚಿಕೆಯಾಯಿತೋ ಇಬ್ಬರಿಗೂ ನೆನಪಿರಲಿಲ್ಲ.

ಹೋದ ಆಗಸ್ಟಿನ ಕೊನೆಯ ವಾರದಲ್ಲಿ, ಒಂದು ಭಾನುವಾರ, ಆರ್ವಿಡ್ ಬೋನು ಎತ್ತುತ್ತಿದ್ದಾಗ ಹಳೆಯ ದಾರ ಕಿತ್ತುಕೊಂಡು ಬಾಗಿಲು ತೆರೆದುಕೊಂಡಿತು. ಮೂರು ಒಳ್ಳೇ ಗಂಡು ಏಡಿಗಳು ಅವನ ಕಣ್ಣೆದುರಿಗೇ ನೀರಿಗೆ ಜಾರಿದವು. ಪಕ್ಕದ ದೋಣಿಯಲ್ಲಿ ಗಸ್ ಪೆಟ್ರಿಚ್ ಇದ್ದ. ಗಸ್ ಎಂದರೆ ಅವನ ಪಕ್ಕದ ಮನೆಯವನು, ಸ್ನೇಹಿತ, ಬಾಯಿಗೆ ಬೀಗ ಇಲ್ಲದವನು.

"ಗುರುಗಳ ಶಾಲೆ ಬಾಗಿಲು ಬಿಟ್ಟು ಮಕ್ಕಳೆಲ್ಲ ಮನೆಗೆ ಹೋದ್ವಲ್ಲಪ್ಪ," ಎಂದ ಗಸ್. ಅದನ್ನೇ ಸಂಜೆ ಇಳಿಜಾರಿನ ಹತ್ತಿರ ನಾಲ್ಕು ಜನಕ್ಕೆ ಹೇಳಿದ.

ಅದರ ಮುಂದಿನ ಶನಿವಾರ ಊರಿನ ಹತ್ತು ಮನೆಯವರು ಟಾಲೆಫ್‌ಸನ್ ಅಂಗಳದಲ್ಲಿ ಏಡಿ ಊಟಕ್ಕೆ ಕೂಡುವುದಿತ್ತು, ಬೇಸಿಗೆ ಕೊನೆಗೆ ಪ್ರತಿವರ್ಷ ಕೂಡುತ್ತಿದ್ದರು. ಸಮುದ್ರದ ನೀರಲ್ಲೇ ಬೇಯಿಸಿ, ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ಬೆಣ್ಣೆ ಕರಗಿಸಿಟ್ಟು, ಕೈಯಲ್ಲೇ ಒಡೆದು ತಿನ್ನುವ ಊಟ. ಗುರುವಾರ ಬೆಳಗ್ಗೆ ಬೋನು ಇಳಿಸಬೇಕು, ಇಪ್ಪತ್ತು ಏಡಿಯಾದರೂ ಬೇಕು. ಬುಧವಾರ ಸಂಜೆ ಆರ್ವಿಡ್ ಜಗುಲಿಯಲ್ಲಿ ಕೂತು ಎರಡೂ ಬೋನಿನ ಬಾಗಿಲಿಗೆ ನೈಲಾನ್ ದಾರ ಬಿಗಿದ. ಓದುವುದು ಶಾಸ್ತ್ರ, ಹಾಕುವುದು ಗಾಳ. ಈ ಮಾತನ್ನು ಅವನ ಬಗ್ಗೆ ಹೇಳುವ ದಿನ ಬಂದೀತೆಂದು ಊರಲ್ಲಿ ಯಾರೂ ಎಣಿಸಿರಲಿಲ್ಲ.

ಮರ್ಲಾ ನೋಡಿದಳು. ಊಟದ ಹೊತ್ತಿಗೆ ಕೇಳಿದಳು. ಎರಡೇ ದಿನಕ್ಕೆ ಕಣೇ, ಶನಿವಾರ ಎತ್ತಿದ ತಕ್ಷಣ ಬಿಚ್ಚಿ ಹಾಕ್ತೀನಿ, ಹತ್ತಿ ದಾರವೂ ಮುಗೀತಾ ಬಂದಿದೆ ಎಂದ.

"ಬೋನು ಕಳ್ಕೊಂಡೋರೆಲ್ಲ ಎರಡೇ ದಿನಕ್ಕೆ ಅಂತಲೇ ಇಳಿಸಿದ್ದು ಕಣೋ," ಎಂದಳು ಮರ್ಲಾ. "ನೀನೇ ಹೇಳ್ತಿದ್ದ ಮಾತು ಇದು."

ಬೆಳಗ್ಗೆ ನೋಡೋಣ ಎಂದ.

ಬೆಳಗ್ಗೆ ಉಬ್ಬರ ಮುಗಿದು ನೀರು ನಿಲ್ಲುವ ಹೊತ್ತು ಆರೂಮುಕ್ಕಾಲಿಗಿತ್ತು. ನೀರು ನಿಂತಾಗ ಬೋನು ಇಳಿಸಿದರೆ ನೆಟ್ಟಗೆ ಕೂರುತ್ತದೆ. ಹೊತ್ತು ತಪ್ಪಿದರೆ ಸೆಳೆತಕ್ಕೆ ಸಿಕ್ಕಿ ಎಲ್ಲೋ ಹೋಗಿ ಬೀಳುತ್ತದೆ. ಆರ್ವಿಡ್ ಹಿಂದಿನ ಕೊಟ್ಟಿಗೆಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ತುಂಬಿಕೊಂಡು ಅವಸರದಲ್ಲಿ ಜಗುಲಿಗೆ ಬಂದ. ಮಂಜು ಕವಿದಿತ್ತು. ಮರ್ಲಾ ಎರಡು ಬೋನುಗಳ ನಡುವೆ ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಅವಳ ಕತ್ತರಿ ಇತ್ತು. ಏನು ಕತ್ತರಿಸುತ್ತಿದ್ದಾಳೆ ಎಂದು ಅವನು ಕೇಳಲಿಲ್ಲ.

"ಎಡಗೈ ಯಾಕೋ ಜೋಮು ಹಿಡಿದಿದೆ," ಎಂದಳು ಅವಳು.

"ಚಳಿಗೆ. ಒಳಗೆ ಹೋಗು," ಎಂದ ಅವನು. ಎರಡು ಕೈಯಲ್ಲಿ ಎರಡು ಬೋನು ಎತ್ತಿಕೊಂಡು ಇಳಿದುಹೋದ.

ಎಂಬತ್ತು ಅಡಿ ನೀರಿನಲ್ಲಿ ಎರಡನ್ನೂ ಇಳಿಸಿ ಬರುವ ಹೊತ್ತಿಗೆ ಎಂಟು ಗಂಟೆ. ಮರ್ಲಾ ಅದೇ ಮೆಟ್ಟಿಲ ಬಳಿ ಪಕ್ಕಕ್ಕೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಕಣ್ಣು ತೆರೆದೇ ಇತ್ತು, ಅವನನ್ನು ಗುರುತಿಸುತ್ತಿತ್ತು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು, ಮಾತು ಬರಲಿಲ್ಲ, ಒಂಬತ್ತನೇ ದಿನ ಹೋದಳು.

ಮೂರನೇ ದಿನವೇ ಗಸ್ ತನ್ನ ದೋಣಿಯಲ್ಲಿ ಹೋಗಿ ಆರ್ವಿಡ್‌ನ ಬೋನು ಎತ್ತಿಡಲು ನೋಡಿದ್ದ. ಬುರುಡೆ ಎರಡೂ ಇರಲಿಲ್ಲ. ಶುಕ್ರವಾರ ಮರದ ದಿಮ್ಮಿ ಎಳೆಯುವ ದೋಣಿಯೊಂದು ಮಂಜಿನಲ್ಲಿ ದಾರಿ ಬಿಟ್ಟು ಒಳಗೆ ಬಂದಿತ್ತಂತೆ, ಅದೇ ಕತ್ತರಿಸಿಕೊಂಡು ಹೋಗಿರಬೇಕು. ಮಣ್ಣು ಮಾಡಿ ಬಂದ ದಿನ ಗಸ್ ಇದನ್ನು ಮೆಲ್ಲಗೆ ಹೇಳಿದ. ಹೇಳಿ, ಸಮಾಧಾನಕ್ಕೆಂದು, ಯೋಚನೆ ಮಾಡಬೇಡ, ನಿಮ್ಮ ಮನೆ ಬೋನು, ಮರ್ಲಾ ಕಟ್ಟಿದ ಹತ್ತಿ, ಎರಡು ತಿಂಗಳಿಗೆ ತಾನೇ ಬಿಚ್ಚಿಕೊಳ್ಳುತ್ತೆ ಎಂದ.

ಆರ್ವಿಡ್ ಹೂಂ ಎಂದ. ಅವತ್ತು ಹೂಂ ಎಂದದ್ದನ್ನು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಅವನಿಗೆ ದುಃಖವಾಗಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಗುತ್ತದೆ ಎಂದು ಕಾದ. ಜನ ಬಂದು ಕೈ ಹಿಡಿದುಕೊಂಡು ಅತ್ತರು, ಅವನು ಅವರಿಗೇ ಕಾಫಿ ಮಾಡಿಕೊಟ್ಟ. ಅವಳ ಬಟ್ಟೆ ಮಡಿಸಿ ಚರ್ಚಿಗೆ ಕೊಟ್ಟ. ಅವಳ ಕತ್ತರಿ ಮೆಟ್ಟಿಲ ಕೆಳಗೆ ಸಿಕ್ಕಿತು, ಒರೆಸಿ ಮೊಳೆಗೆ ತಗುಲಿಹಾಕಿದ. ಬೆಳಗ್ಗೆ ಏಳುತ್ತಿದ್ದ, ಡಬ್ಬಿಯ ಸೂಪು ಬಿಸಿಮಾಡಿ ಕುಡಿಯುತ್ತಿದ್ದ, ಕಿಟಕಿಯಲ್ಲಿ ನೀರು ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದ, ಮಲಗುತ್ತಿದ್ದ. ನಿದ್ದೆಯೂ ಬರುತ್ತಿತ್ತು. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದಲ್ಲ, ಅವನಿಗೆ ಮೈಯೆಲ್ಲ ಹಾಗಿತ್ತು. ಅವಳು ಜೋಮು ಅಂದಾಗ ಕತ್ತರಿ ಕೆಳಗಿಟ್ಟು ಆಸ್ಪತ್ರೆಗೆ ನಡಿ ಅನ್ನಬೇಕಿತ್ತು ಎಂದು ದಿನಾ ಒಂದು ಸಲ ಅಂದುಕೊಳ್ಳುತ್ತಿದ್ದ. ಅದನ್ನೂ ಪಾಠ ಒಪ್ಪಿಸುವ ಹಾಗೆ ಅಂದುಕೊಳ್ಳುತ್ತಿದ್ದ, ಎದೆಗೆ ತಾಗುತ್ತಿರಲಿಲ್ಲ.

ತಾಗುತ್ತಿದ್ದದ್ದು ಒಂದೇ. ಆ ಎರಡು ಬೋನು. ಎಂಬತ್ತು ಅಡಿ ಕೆಳಗೆ ಬಾಗಿಲು ಬಿಗಿದುಕೊಂಡು ಕೂತಿವೆ, ಈ ಹೊತ್ತಿನಲ್ಲೂ ಕೊಲ್ಲುತ್ತಿವೆ, ಬಾಗಿಲು ಕಟ್ಟಿದ ಕೈ ತನ್ನದು. ಸೂಪಿನ ಬಟ್ಟಲು ತೊಳೆಯುವಾಗ ಇದು ನೆನಪಾದರೆ ಬಟ್ಟಲು ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದ. ಬೋನು ಕಳೆದರೆ ತಿಳಿಸಲು ಒಂದು ಅರ್ಜಿ ಇದೆ, ದಂಡವಿಲ್ಲ, ಬಯ್ಯುವವರಿಲ್ಲ. ಅಕ್ಟೋಬರಿನಲ್ಲಿ ಅದನ್ನು ತುಂಬಲು ಕೂತ. ಹೆಸರು, ಜಾಗ, ಆಳ, ದಿನಾಂಕ ಬರೆದ. ಬಾಗಿಲಿಗೆ ಯಾವ ದಾರ ಎಂಬ ಕಲಂ ಬಂತು. ಪೆನ್ನು ಕೆಳಗಿಟ್ಟ. ಅರ್ಜಿಯನ್ನು ಬ್ರೆಡ್ಡಿನ ಡಬ್ಬಿಯ ಕೆಳಗೆ ಇಟ್ಟ, ಅದು ಅಲ್ಲೇ ಉಳಿಯಿತು. ನೈಲಾನ್ ಎಂದು ಬರೆದರೆ ಊರಿನ ಮುಂದೆ ಮಾನ ಹೋಗುತ್ತದೆ ಎಂಬುದೊಂದು. ಮರ್ಲಾ ಬೇಡ ಎಂದ ಮೇಲೂ ಕಟ್ಟಿದೆ, ಅವಳ ಜೊತೆ ಕೊನೆಗೆ ಆಡಿದ ಜಗಳವೂ ಅದೇ ಎಂಬುದು ಇನ್ನೊಂದು. ಅದನ್ನು ಕಚೇರಿಯ ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ. ಇಳಿಜಾರಿನ ಕಡೆ ಹೋಗುವುದನ್ನೂ ಬಿಟ್ಟ. ಪಾಪ, ಹೆಂಡತಿ ಹೋದ ದುಃಖ ಎಂದರು ಜನ.

ಮೇ ತಿಂಗಳಲ್ಲಿ, ಏಡಿಯ ಕಾಲ ಶುರುವಾಗುವ ಮುಂಚೆ, ಆಚೆ ದಡದ ಮೂಲನಿವಾಸಿ ಬುಡಕಟ್ಟಿನವರ ಮೀನುಗಾರಿಕೆ ಕಚೇರಿಯಿಂದ ಡೆಲ್ಲಾ ಜೂಲ್ಸ್ ಬಂದಳು. ಅವರ ದೋಣಿಯಲ್ಲಿ ನೀರಿನ ತಳ ತೋರಿಸುವ ಯಂತ್ರವಿದೆ, ಮುಳುಗುವವನೊಬ್ಬ ಇದ್ದಾನೆ. ಕಳೆದುಹೋದ ಬೋನುಗಳನ್ನು ಹುಡುಕಿ ಎತ್ತುವುದೇ ಅವಳ ಕೆಲಸ. ನಲವತ್ತರ ಗಟ್ಟಿ ಹೆಂಗಸು, ಮಾತು ಕಡಿಮೆ. ಆ ಏಡಿಗಳ ಮೇಲೆ ಅವಳ ಅಜ್ಜಿಯ ಅಜ್ಜಿಗೂ ಹಕ್ಕಿತ್ತು, ನಾವು ವಾರದ ಕೊನೆಯ ಮೋಜಿಗೆ ಹಿಡಿಯುವವರು, ಆದರೂ ಅದನ್ನು ಅವಳು ಎತ್ತಿ ಆಡಿದವಳಲ್ಲ. ಅಗ್ನಿಶಾಮಕದವರ ಶೆಡ್ಡಿನಲ್ಲಿ ಸಭೆ ಸೇರಿಸಿದಳು. ಆರ್ವಿಡ್‌ನನ್ನು ಗಸ್ ಬಲವಂತವಾಗಿ ಕರೆದುಕೊಂಡು ಹೋಗಿದ್ದ.

ದೋಣಿ ಒಂದೇ ದಿನ ಸಿಗುತ್ತದೆ ಎಂದಳು ಡೆಲ್ಲಾ. ಎಲ್ಲಿ ಹುಡುಕಬೇಕು ಹೇಳಿ, ಕಳೆದದ್ದು ತಪ್ಪಲ್ಲ, ಹೇಳದೆ ಇರುವುದು ತಪ್ಪು ಎಂದಳು. ಜನ ಒಬ್ಬೊಬ್ಬರಾಗಿ ನಕ್ಷೆಯ ಮೇಲೆ ಬೆರಳಿಟ್ಟರು. ಕೊಲ್ಲಿಯ ಬಾಯಿಯ ಆಳದ ಜಾಗಕ್ಕೆ ಬಂದಾಗ ಡೆಲ್ಲಾ ಇಲ್ಲಿ ಹುಡುಕಿ ಎತ್ತಲು ಅರ್ಧ ದಿನ ಬೇಕು, ಇಲ್ಲಿ ಯಾರದ್ದಾದರೂ ಇದೆಯಾ ಎಂದಳು.

"ಆರ್ವಿಡ್‌ದು ಎರಡಿವೆ," ಎಂದ ಗಸ್. "ಆದ್ರೆ ಅಲ್ಲಿಗೆ ಡೀಸೆಲ್ ಸುಡಬೇಡಿ. ಹತ್ತಿ ಕಟ್ಟಿದ್ದು, ಎಂದೋ ಬಿಚ್ಚಿಕೊಂಡಿರ್ತವೆ. ಈ ಮನುಷ್ಯ ನಮಗೆಲ್ಲ ಅದನ್ನ ಕಲಿಸಿ ಕಲಿಸಿ ತಲೆ ತಿಂದಿದಾನೆ."

ನಾಲ್ಕು ಜನ ನಕ್ಕರು. ಡೆಲ್ಲಾ ಆ ಜಾಗದ ಮೇಲೆ ಅಡ್ಡಗೆರೆ ಎಳೆಯಲು ಪೆನ್ಸಿಲ್ ಇಟ್ಟಳು. ಸುಮ್ಮನಿದ್ದರೆ ಮುಗಿಯಿತು, ಆ ಬೋನುಗಳ ಸುದ್ದಿ ಯಾರೂ ಎತ್ತುವುದಿಲ್ಲ. ಆರ್ವಿಡ್ ಅವಳ ಪೆನ್ಸಿಲನ್ನೇ ನೋಡುತ್ತಿದ್ದ. ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ.

"ಹತ್ತಿ ಅಲ್ಲ," ಎಂದ. "ನೈಲಾನ್. ಎರಡಕ್ಕೂ. ನಾನೇ ಕಟ್ಟಿದ್ದು."

ಯಾರೂ ನಗಲಿಲ್ಲ. ಡೆಲ್ಲಾ ಪೆನ್ಸಿಲನ್ನು ತಿರುಗಿಸಿ ಆ ಜಾಗಕ್ಕೆ ಸೊನ್ನೆ ಸುತ್ತಿದಳು. ನಾಳೆ ಆರು ಗಂಟೆಗೆ ನೀವೂ ದೋಣಿಗೆ ಬನ್ನಿ, ಇಳಿಸಿದ ಜಾಗ ತೋರಿಸಬೇಕು ಎಂದಳು. ಬಯ್ಗುಳ ಇಲ್ಲ, ಉಪದೇಶ ಇಲ್ಲ. ಅವನು ಎಷ್ಟೋ ಜನಕ್ಕೆ ಕೊಡದೆ ಇದ್ದ ಮರ್ಯಾದೆ ಅದು.

ಹೊರಗೆ ಗಸ್ ಅವನ ಪಕ್ಕದಲ್ಲೇ ನಡೆದ.

"ನಾಲ್ಕು ವರ್ಷದ ಹಿಂದೆ ನನ್ನ ಅಳಿಯ ನೈಲಾನ್ ಕಟ್ಟಿದ್ದ ಅಂತ ಎಲ್ಲರ ಮುಂದೆ ಅವನ ಬೋನು ತೆಗೆದು ನೆಲಕ್ಕೆ ಕುಕ್ಕಿದ್ದೆ ನೀನು," ಎಂದ. "ನೆನಪಿದ್ಯಾ?"

"ಇದೆ."

"ಅವನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ."

"ಗೊತ್ತು."

ಗಸ್ ರಸ್ತೆಯ ಕಲ್ಲೊಂದನ್ನು ಒದ್ದ. ಮನೆಯ ತಿರುವಿನವರೆಗೂ ಬಂದ. ಅಲ್ಲಿ ನಿಂತು, "ನಾಳೆ ಕಾಫಿ ನಾನೇ ತರ್ತೀನಿ. ನೀನು ಮಾಡೋ ಕಾಫಿಗೆ ಸತ್ತ ಏಡಿನೂ ಎದ್ದು ಓಡುತ್ತೆ," ಎಂದು ಹೇಳಿ ತನ್ನ ಮನೆಗೆ ಹೋದ.

ಬೆಳಗ್ಗೆ ನೀರು ತಟ್ಟೆಯಂತೆ ನಿಂತಿತ್ತು. ಯಂತ್ರದ ಪರದೆಯಲ್ಲಿ ತಳದ ಕೆಸರು ಕಂದು ಬಣ್ಣದಲ್ಲಿ ಸರಿಯುತ್ತಿತ್ತು. ಆರ್ವಿಡ್ ದಡದ ಎರಡು ಮರಗಳನ್ನು ಒಂದರ ಹಿಂದೊಂದು ಹೊಂದಿಸಿ ನೋಡಿ ಜಾಗ ಹೇಳಿದ. ಅವನ ಲೆಕ್ಕ ತಪ್ಪಲಿಲ್ಲ. ಒಂದು ಗಂಟೆಯೊಳಗೆ ಪರದೆಯ ಮೇಲೆ ಚೌಕದ ಎರಡು ನೆರಳು ಕಂಡವು, ಒಂದಕ್ಕೊಂದು ಐವತ್ತು ಅಡಿ ದೂರ. ಮುಳುಗುವವನು ಹಗ್ಗ ಹಿಡಿದು ಇಳಿದ. ಆರ್ವಿಡ್ ದೋಣಿಯ ಅಂಚಿಗೆ ಕೈಯೂರಿ ನಿಂತ. ಏನು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಒಂಬತ್ತು ತಿಂಗಳಿಂದ ಗೊತ್ತಿತ್ತು. ಎರಡು ಬೋನು ತುಂಬ ಚಿಪ್ಪು. ಮನಸ್ಸು ಆಗಲೂ ಮರಗಟ್ಟಿಕೊಂಡೇ ಇತ್ತು.

ಮೊದಲ ಬೋನು ಕೆಸರು ಸುರಿಸಿಕೊಂಡು ಮೇಲೆ ಬಂತು. ಗಸ್ ಎಳೆದು ದೋಣಿಯೊಳಗೆ ಇಟ್ಟ. ಪಕ್ಕದ ಬಾಗಿಲು ಕೆಳಗೆ ನೇತಾಡುತ್ತಿತ್ತು. ಒಳಗೆ ಏನೂ ಇರಲಿಲ್ಲ, ಕೆಸರು ಮತ್ತು ಬೆರಳುದ್ದದ ಒಂದು ಮೀನು, ಅಷ್ಟೆ.

"ಇದು ಬಿಚ್ಚಿಕೊಂಡಿದೆ," ಎಂದಳು ಡೆಲ್ಲಾ. ಅವಳು ಪ್ರತಿ ಬೋನಿಗೂ ಒಂದು ಹಾಳೆ ಬರೆಯುತ್ತಾಳೆ, ಯಾವ ದಾರ, ತೆರೆದಿತ್ತೋ ಮುಚ್ಚಿತ್ತೋ, ಒಳಗೆ ಎಷ್ಟು. "ನೈಲಾನ್ ಅಂದ್ರಲ್ಲ ನೀವು. ಇದು ನಿಮ್ಮದೇನಾ?"

ಅವನದೇ. ಚೌಕಟ್ಟಿನಲ್ಲಿ ಅವನು ಕೊರೆದ ತನ್ನ ಹೆಸರಿನ ಎರಡಕ್ಷರ ಇತ್ತು. ಆರ್ವಿಡ್ ಮಂಡಿಯೂರಿ ಕೂತು ಬಾಗಿಲಿನ ಸರಳನ್ನು ಹೆಬ್ಬೆರಳಿಂದ ಒರೆಸಿದ. ನೈಲಾನಿನ ಒಂದೆಳೆಯೂ ಇರಲಿಲ್ಲ. ಅದರ ಜಾಗದಲ್ಲಿ ಕೊಳೆತು ಕಪ್ಪಾದ ಹತ್ತಿಯ ಗಂಟೊಂದು ಸರಳಿಗೆ ಅಂಟಿಕೊಂಡಿತ್ತು. ಗಂಟು ಉಲ್ಟಾ ಸುತ್ತಿತ್ತು.

ಅವನು ಅದನ್ನು ಬಹಳ ಹೊತ್ತು ನೋಡಿದ. ಗಸ್ ಬಗ್ಗಿ ನೋಡಿದ, ಅವನಿಗೂ ಆ ಗಂಟು ಗೊತ್ತಿತ್ತು, ಊರಲ್ಲಿ ಇನ್ಯಾರೂ ಹಾಗೆ ಕಟ್ಟುವವರಿಲ್ಲ.

"ಮರ್ಲಾದು," ಎಂದ ಗಸ್.

ಆ ಬೆಳಗ್ಗೆ ಕತ್ತರಿ ಯಾಕಿತ್ತು ಎಂದು ಆರ್ವಿಡ್‌ಗೆ ಈಗ ತಿಳಿಯಿತು. ಅವನು ಪೆಟ್ರೋಲ್ ತುಂಬುತ್ತಿದ್ದಾಗ ಅವಳು ಚಳಿಯಲ್ಲಿ ಕೂತು ಅವನು ಕಟ್ಟಿದ್ದನ್ನು ಕತ್ತರಿಸಿ, ಉಂಡೆಯಲ್ಲಿ ಉಳಿದಿದ್ದ ಹತ್ತಿ ದಾರದಿಂದ ತನ್ನ ಗಂಟು ಹಾಕಿದ್ದಳು. ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಮತ್ತೆ ಜಗಳ ತೆಗೆಯುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು. ಹಾಗಾದರೆ ಎರಡೂ ತೆರೆದಿವೆ, ಏನೂ ಸತ್ತಿಲ್ಲ ಎಂದುಕೊಂಡ. ಗಸ್ ಕೂಡ ಹಾಗೇ ಅಂದುಕೊಂಡಿರಬೇಕು, ಭುಜದ ಮೇಲೆ ಒಂದು ಏಟು ಕೊಟ್ಟ.

ಎರಡನೆಯ ಬೋನು ಮೇಲೆ ಬಂತು. ಅದು ಭಾರವಿತ್ತು. ಬಾಗಿಲು ಮುಚ್ಚಿತ್ತು.

ಒಳಗೆ ಚಿಪ್ಪಿನ ರಾಶಿ. ಬೆಳ್ಳಗಾದವು, ಕಿತ್ತಳೆ ಬಣ್ಣ ಇನ್ನೂ ಉಳಿದವು, ಕಾಲು ಬೇರೆ ಬೆನ್ನು ಬೇರೆಯಾದವು. ರಾಶಿಯ ಮೇಲೆ ಎರಡು ಜೀವಂತ ಏಡಿ ಇದ್ದವು, ಒಂದು ಹೆಣ್ಣು, ಒಂದು ಸಣ್ಣ ಗಂಡು, ಎರಡೂ ಇಕ್ಕಳದಂಥ ಮುಂಗಾಲು ಎತ್ತಲಾರದಷ್ಟು ಸೊರಗಿದ್ದವು. ಗಸ್ ಮುಖ ತಿರುಗಿಸಿದ. ಆರ್ವಿಡ್ ಜೇಬಿನಿಂದ ಚಾಕು ತೆಗೆದ. ಬಾಗಿಲಿನ ನೈಲಾನ್ ಅವನು ಬಿಗಿದ ಹಾಗೇ ಇತ್ತು, ಅವನ ಗಂಟು, ನೇರವಾದ ಗಂಟು, ಒಂಬತ್ತು ತಿಂಗಳಿಗೂ ಜಗ್ಗಿರಲಿಲ್ಲ. ಚಾಕು ಇಡಲು ದಾರವನ್ನು ತಿರುಗಿಸಿದ. ಅಲ್ಲಿ ಕೈ ನಿಂತಿತು.

ನೈಲಾನಿನ ಮೂರು ಎಳೆಯಲ್ಲಿ ಎರಡು ಕತ್ತರಿಸಿದ್ದವು. ಚಾಕುವಿನ ಗಾಯವಲ್ಲ, ಕತ್ತರಿಯದು, ಎಡಗಡೆಯಿಂದ ಹಾಕಿದ್ದು. ಮೂರನೆಯ ಎಳೆಯ ಮೇಲೆ ಕತ್ತರಿ ಕಚ್ಚಿದ ಗುರುತು ಮಾತ್ರ ಇತ್ತು, ಒತ್ತಲು ಶಕ್ತಿ ಸಾಲದ ಗುರುತು. ಆ ಒಂದೆಳೆ ಇಷ್ಟು ದಿನ ಬಾಗಿಲು ಹಿಡಿದುಕೊಂಡಿತ್ತು.

ಡೆಲ್ಲಾ ಪೆನ್ಸಿಲ್ ಹಿಡಿದು ಯಾವ ದಾರ ಎಂದು ಬರೆಯಲಿ ಎಂದು ಕೇಳಿದಳು.

"ನೈಲಾನ್. ಕಟ್ಟಿದ್ದು ನಾನು ಅಂತ ಬರ್ಕೋಮ್ಮ," ಎಂದ ಆರ್ವಿಡ್. ದಾರದ ಮೇಲೆ ಬೆರಳಿಟ್ಟು ತೋರಿಸಿದ. "ಇಲ್ಲಿವರೆಗೂ ಕತ್ತರಿಸಿದಾಳೆ. ಅವಳ ಕೈ ನಿಂತಿದ್ದು ಇಲ್ಲಿ. ಜೋಮು ಹಿಡಿದಿದೆ ಅಂದ್ಲು. ನಾನು ಬೋನು ಎತ್ಕೊಂಡು ಹೋದೆ."

ಗಸ್ ಖಾಲಿ ಬೋನನ್ನು ಪಕ್ಕಕ್ಕೆ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟ.

ಆರ್ವಿಡ್ ಉಳಿದ ಎಳೆಯನ್ನು ಕತ್ತರಿಸಿದ. ಬಾಗಿಲು ಬಿತ್ತು. ಎರಡು ಏಡಿಗಳನ್ನು ಒಂದೊಂದಾಗಿ ತೆಗೆದು, ಅಂಚಿನಿಂದ ಬಗ್ಗಿ, ಎಸೆಯದೆ, ಕೈಯಿಂದಲೇ ನೀರಿಗೆ ಇಳಿಸಿದ. ನೀರು ಕೊರೆಯುವಷ್ಟು ತಣ್ಣಗಿತ್ತು, ಅದು ಅವನಿಗೆ ಗೊತ್ತಾಯಿತು.

ಒಳಗೆ ಎಷ್ಟಿವೆ ಎಂಬ ಕಲಂ ಬಾಕಿ ಇತ್ತು. ಅಂದಾಜು ಹಾಕಿದರೆ ಸಾಕು, ನಾನೇ ಹಾಕುತ್ತೇನೆ, ನೀವು ಕೂತುಕೊಳ್ಳಿ ಎಂದಳು ಡೆಲ್ಲಾ. ಬೇಡ ಎಂದ ಆರ್ವಿಡ್. ಕೆಸರಿನಲ್ಲಿ ಕೂತು ಬೆನ್ನುಚಿಪ್ಪುಗಳನ್ನು ಒಂದೊಂದೇ ತೆಗೆದು ಪಕ್ಕಕ್ಕಿಡುತ್ತ ಗಟ್ಟಿಯಾಗಿ ಎಣಿಸತೊಡಗಿದ. ಹದಿನೆಂಟರ ಹತ್ತಿರ ದನಿ ಒಡೆಯಿತು. ಅವಳು ಹೋದಾಗಿನಿಂದ ಬಾರದ ಅಳು ಆಗ ಬಂತು. ಮುಖ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ, ಹಾಗೇ ಅತ್ತ. ಗಸ್ ಅವನ ಪಕ್ಕ ಕೂತು ಚಿಪ್ಪು ಎತ್ತಿ ಎತ್ತಿ ಕೊಟ್ಟ. ಲೆಕ್ಕ ತಪ್ಪಿತು. ಆರ್ವಿಡ್ ಎಲ್ಲವನ್ನೂ ಮತ್ತೆ ಒಟ್ಟುಮಾಡಿ ಒಂದರಿಂದ ಶುರುಮಾಡಿದ.